ಅಕ್ಕ ಎಂಬ ಕರೆ

ಕಳೆದ ತಿಂಗಳು ಒಂದು ಮುಂಜಾನೆ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಬರುವ ಸಂದರ್ಭ ಒದಗಿತು. ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಆದರೆ ಕಾಲಿಡಲು ಸ್ಥಳವಿಲ್ಲ. ಬಸ್ಸಿನ ಮುಕ್ಕಾಲು ಪಾಲು ಕಾಲೇಜಿನ ಹುಡುಗಿಯರು. ಒಬ್ಬಳ ಮಡಿಲಲ್ಲಿ ಮೂವರ ಚೀಲ, ಮತ್ತೊಬ್ಬಳ ಕೈಯಲ್ಲಿ ತೆರೆದ ಟಿಪ್ಪಣಿ ಪುಸ್ತಕ, ಕಿಟಕಿಯ ಬಳಿ ಕುಳಿತವಳು ಹಿಂದಿನ ರಾತ್ರಿಯ ಅರೆನಿದ್ರೆಯನ್ನು ಅಲ್ಲಿಯೇ ತೀರಿಸಿಕೊಳ್ಳುತ್ತಿದ್ದಳು. ನನ್ನ ನರೆತ ತಲೆಯನ್ನು ನೋಡಿ ಒಬ್ಬಳು ಎದ್ದು ಸ್ಥಳ ಕೊಟ್ಟಳು. ಮಾತಿಗೆ ಮಾತು ಬೆಳೆಯಿತು. "ದಿನವೂ ಹೀಗೆ ಓಡಾಡುವೆಯಲ್ಲ, ತುಮಕೂರಿನಲ್ಲಿ ಹಾಸ್ಟೆಲಿಗೆ ಸೇರಬಾರದಿತ್ತೆ?" ಎಂದು ಕೇಳಿದೆ. "ಬಸ್ಸು ಫ್ರೀ ಅಲ್ಲವೇ ಆಂಟೀ, ಹಾಸ್ಟೆಲ್ ಯಾಕೆ ಅಂತಾರೆ ಮನೇಲಿ" ಎಂದು ಆಕೆ ನಕ್ಕಳು.

ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ೨೦೨೩ರ ಜೂನ್ ೧೧ರಂದು ನಮ್ಮ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತ ದಿನ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಬಸ್ ಛಾರ್ಜಿಗೆ ಅಪ್ಪನ ಮುಖ ನೋಡಬೇಕಾಗಿದ್ದ ಹುಡುಗಿಯ ಕಷ್ಟ ಏನೆಂಬುದನ್ನು ಬಲ್ಲವರು ಆ ಯೋಜನೆಯನ್ನು ಹಗುರವಾಗಿ ಆಡಲಾರರು. ಆದರೂ ಆ ಹುಡುಗಿ ನಕ್ಕು ಹೇಳಿದ ಮಾತು ಮನೆ ಸೇರಿದ ಮೇಲೂ ನನ್ನನ್ನು ಬಿಡಲಿಲ್ಲ. ಓದುವ ಹುಡುಗಿಗೆ ವಿದ್ಯಾರ್ಥಿನಿಲಯವೆಂಬುದು ಕೇವಲ ದೂರವನ್ನು ಕಡಮೆ ಮಾಡುವ ಸಾಧನವೇ? ದೂರವೇ ಇಲ್ಲವಾದರೆ ಅದರ ಅವಶ್ಯಕತೆಯೂ ಇಲ್ಲವಾಗುವುದೇ? ಹಾಗಲ್ಲವೆಂದು ನನ್ನ ನಂಬಿಕೆ. ಆ ನಂಬಿಕೆಗೆ ಕಾರಣಗಳನ್ನು ವಾಚಕರ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯಿಂದ ತುಮಕೂರಿನ ಒಂದು ಹುಡುಗಿಯರ ನಿಲಯಕ್ಕೆ ಬಂದು ಸೇರಿದ್ದು ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ. ತಗಡಿನ ಟ್ರಂಕು, ಒಂದು ಜಮಖಾನೆ, ಅವ್ವ ಕಟ್ಟಿಕೊಟ್ಟ ಹುರಿಗಡಲೆಯ ಡಬ್ಬ, ಇವಿಷ್ಟು ನನ್ನ ಆಸ್ತಿ. ಕೋಣೆಗೆ ನಾಲ್ವರು. ಮೊದಲ ರಾತ್ರಿ ಅಳುತ್ತ ಮಲಗಿದ್ದಾಗ ಪಕ್ಕದ ಹಾಸಿಗೆಯಿಂದ ಒಂದು ಕೈ ಬಂದು ನನ್ನ ಹೊದಿಕೆಯನ್ನು ಸರಿಪಡಿಸಿತು. "ಎಲ್ಲರೂ ಮೊದಲ ದಿನ ಅಳುತ್ತಾರೆ, ಮೂರನೆಯ ದಿನ ಊಟ ಸರಿಯಿಲ್ಲವೆಂದು ಜಗಳವಾಡುತ್ತಾರೆ" ಎಂದಿತು ಒಂದು ಧ್ವನಿ. ಬೆಳಿಗ್ಗೆ ಎದ್ದು ನೋಡಿದರೆ ಆಕೆ ಅಂತಿಮ ವರ್ಷದ ವಿದ್ಯಾರ್ಥಿನಿ, ಶಿರಾ ಕಡೆಯವರು. ಅಂದಿನಿಂದ ಆಕೆ ನನಗೆ ಅಕ್ಕ. ನನಗೆ ಮಾತ್ರವಲ್ಲ, ನಿಲಯದಲ್ಲಿದ್ದ ಎಲ್ಲರಿಗೂ. ಎರಡು ವರ್ಷ ಕಳೆಯುವಷ್ಟರಲ್ಲಿ ನಾನೂ ಕೆಲವರಿಗೆ ಅಕ್ಕನಾದೆ. ಅದಕ್ಕೆ ಯಾವ ದೀಕ್ಷೆಯೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ. ಮೊದಲು ಬಂದವರು ಅನಂತರ ಬಂದವರ ಹೊದಿಕೆ ಸರಿಪಡಿಸುವುದೇ ಅದರ ನಿಯಮ.

ಪಾಶ್ಚಾತ್ಯ ದೇಶಗಳಲ್ಲಿ, ಮುಖ್ಯವಾಗಿ ಅಮೆರಿಕದ ಕಾಲೇಜುಗಳಲ್ಲಿ, ಇಂಥ ಸೋದರಿಕೆಗೆ ಒಂದು ಸಂಸ್ಥೆಯ ರೂಪವೇ ಇದೆ. ಅದನ್ನು ಸೊರೊರಿಟಿ ಎನ್ನುತ್ತಾರೆ. ೧೮೫೧ರಲ್ಲಿ ಜಾರ್ಜಿಯಾ ಸಂಸ್ಥಾನದ ಮೇಕನ್ ಪಟ್ಟಣದ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಅಡೆಲ್ಫಿಯನ್ ಸಂಘವೆಂಬುದು ಹುಟ್ಟಿತು. ೧೮೭೪ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದ ಹುಡುಗಿಯರು ಕಟ್ಟಿದ ಸಂಘಕ್ಕೆ ಅಲ್ಲಿಯ ಲ್ಯಾಟಿನ್ ಪ್ರಾಧ್ಯಾಪಕರೊಬ್ಬರು, ಸೋದರಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಈ ಹೊಸ ಹೆಸರನ್ನು ಸೂಚಿಸಿದರಂತೆ. ಹುಡುಗರ ಸಂಘಗಳಲ್ಲಿ ತಮಗೆ ಪ್ರವೇಶವಿಲ್ಲದಿದ್ದುದರಿಂದ ಹುಡುಗಿಯರು ತಮ್ಮ ಸಂಘವನ್ನು ತಾವೇ ಕಟ್ಟಿಕೊಂಡರು. ಆದರೆ ಹೊರಗೆ ನಿಲ್ಲಿಸಲ್ಪಟ್ಟವರು ಮತ್ತೊಬ್ಬರನ್ನು ಹೊರಗೆ ನಿಲ್ಲಿಸುವುದು ಮನುಷ್ಯಸ್ವಭಾವದ ಒಂದು ವಿಪರ್ಯಾಸ. ಆ ಬಿಳಿಯ ಸೋದರಿಯರ ಬಾಗಿಲು ಕಪ್ಪು ಹುಡುಗಿಯರಿಗೆ ಮುಚ್ಚಿತ್ತು; ೧೯೦೮ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು ತಮ್ಮದೇ ಆದ ಆಲ್ಫಾ ಕಪ್ಪಾ ಆಲ್ಫಾ ಸಂಘವನ್ನು ಸ್ಥಾಪಿಸಬೇಕಾಯಿತು. ಈ ಕಥೆಯನ್ನು ದೂರದೇಶದ್ದೆಂದು ಓದಿ ಮರೆಯುವ ಹಾಗಿಲ್ಲ. ಅದರ ಪ್ರತಿರೂಪ ನಮ್ಮ ತುಮಕೂರಿನ ಬೀದಿಗಳಲ್ಲಿಯೂ ಇತ್ತೆಂಬುದನ್ನು ಮುಂದೆ ಹೇಳುವೆನು.

ಸೊರೊರಿಟಿ ಎಂಬ ಶಬ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಭಗಿನೀಸಂಘ ಎಂದರೆ ಪುಸ್ತಕದ ಮಾತಾಯಿತು. ನಮ್ಮ ಹೆಂಗಸರು ಇದಕ್ಕೆ ಬಹುಕಾಲದ ಹಿಂದೆಯೇ ಒಂದು ಚೆಲುವಾದ ಹೆಸರನ್ನು ಕಂಡುಕೊಂಡಿದ್ದಾರೆ: ಅಕ್ಕನ ಬಳಗ. ಕರ್ನಾಟಕದ ಅದೆಷ್ಟೋ ಊರುಗಳಲ್ಲಿ ಸಂಜೆಯ ಹೊತ್ತು ವಚನ ಓದಲು ಸೇರುವ ಗೃಹಿಣಿಯರು ಈ ಹೆಸರಿನಲ್ಲಿ ಸೇರುತ್ತಾರೆ. ಆ ಅಕ್ಕ ಯಾರೆಂಬುದನ್ನು ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮನೆಯನ್ನೂ ಅರಮನೆಯನ್ನೂ ಬಿಟ್ಟು ಹೊರಟ ಮಹಾದೇವಿಯನ್ನು ನಾಡು ತಾಯಿ ಎನ್ನಲಿಲ್ಲ, ದೇವಿ ಎಂದಷ್ಟೇ ಹೇಳಿ ದೂರವಿಡಲೂ ಇಲ್ಲ, ಅಕ್ಕ ಎಂದಿತು. ತಾಯಿಯಲ್ಲಿ ಅಧಿಕಾರವಿದೆ, ಗೆಳತಿಯಲ್ಲಿ ಸಮಾನತೆಯಿದೆ. ಅಕ್ಕನಲ್ಲಿ ಎರಡೂ ಹದವಾಗಿ ಬೆರೆತಿವೆ. ಅವಳು ನಮಗಿಂತ ಮೂರು ಹೆಜ್ಜೆ ಮುಂದಿದ್ದಾಳೆ. ಆದ್ದರಿಂದ ದಾರಿ ಬಲ್ಲಳು. ಮೂರೇ ಹೆಜ್ಜೆ ಮುಂದಿದ್ದಾಳೆ. ಆದ್ದರಿಂದ ಕೈಗೆ ಸಿಗುತ್ತಾಳೆ.

ಮನೆ ಬಿಟ್ಟ ಹೆಣ್ಣುಮಕ್ಕಳು ಒಂದೆಡೆ ಕೂಡಿ ಬಾಳುವುದು ನಮ್ಮ ಗುಬ್ಬಿಗೆ ಹೊಸದೇನಲ್ಲ. ೧೮೮೪ರಲ್ಲಿ ಆರಂಭವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಬೆಳೆಸಿದ ವೀರಣ್ಣನವರ ಕಾಲದಲ್ಲಿ ಕಲಾವಿದೆಯರು ಊರಿಂದೂರಿಗೆ ಬಿಡಾರದೊಡನೆ ಸಾಗುತ್ತಿದ್ದರು. ಬಿ. ಜಯಮ್ಮನವರಂಥ ನಟಿಯರು ಬೆಳೆದುದು ಆ ಬಿಡಾರದಲ್ಲಿ. ರಂಗದ ಮೇಲೆ ಅವರನ್ನು ಕಂಡು ಕೈತಟ್ಟಿದ ಜನವೇ ಬಿಡಾರದ ಕಡೆ ಸಂಶಯದ ಕಣ್ಣು ಹಾಯಿಸಿದ್ದುಂಟು. ಹೆಣ್ಣು ಮನೆಯ ಹೊರಗೆ ರಾತ್ರಿ ಕಳೆಯುವಳೆಂದರೆ ನಮ್ಮ ಸಮಾಜಕ್ಕೆ ಇಂದಿಗೂ ಒಂದು ಬಗೆಯ ಅಳುಕು. ಕಾಲೇಜಿನ ಹುಡುಗಿಯ ನಿಲಯಕ್ಕೆ ಬೀಗ ದೊಡ್ಡದಾಗಿರುವುದು ಆ ಅಳುಕಿನಿಂದಲೇ.

ಈಗ ನನ್ನ ಕುಣಿಗಲ್ ಕಡೆಯ ಗೆಳತಿಯ ವಿಷಯ. ನಮ್ಮ ಕೋಣೆಯ ನಾಲ್ವರಲ್ಲಿ ಓದಿನಲ್ಲಿ ಮುಂದಿದ್ದವಳು ಅವಳು. ಪದವಿಯ ಕೊನೆಯ ವರ್ಷ, ಅಜ್ಜಿಗೆ ಕಾಯಿಲೆಯೆಂದು ಅವಳ ತಂದೆ ಬಂದು ಕರೆದುಕೊಂಡು ಹೋದರು. ಎಂಟು ದಿನಗಳ ಮೇಲೆ ನನಗೊಂದು ಕಾರ್ಡು ಬಂತು. ಅಜ್ಜಿ ಸುಖವಾಗಿದ್ದರು; ಮದುವೆ ನಿಶ್ಚಯವಾಗಿತ್ತು; ಪುಸ್ತಕಗಳನ್ನು ಬೇಕಾದವರಿಗೆ ಕೊಟ್ಟುಬಿಡು ಎಂದು ಬರೆದಿದ್ದಳು. ಪರೀಕ್ಷೆಯ ಶುಲ್ಕ ಕಟ್ಟಲು ಆರು ದಿನ ಉಳಿದಿತ್ತು.

ಶಿರಾ ಕಡೆಯ ಅಕ್ಕ ಆ ವೇಳೆಗೆ ಪದವಿ ಮುಗಿಸಿ ಊರಿನಲ್ಲಿಯೇ ಶಾಲೆಯೊಂದರಲ್ಲಿ ಕೆಲಸಕ್ಕಿದ್ದರು. ಭಾನುವಾರಗಳಲ್ಲಿ ನಿಲಯಕ್ಕೆ ಬಂದು ಹೋಗುವ ಅಭ್ಯಾಸ ಬಿಟ್ಟಿರಲಿಲ್ಲ. ಕಾರ್ಡನ್ನು ಓದಿ ಮಹಡಿಯ ಮೇಲೆ ಎಲ್ಲರನ್ನೂ ಕೂಡಿಸಿದರು. ಒಬ್ಬೊಬ್ಬರು ಒಂದು ರೂಪಾಯಿ, ಎರಡು ರೂಪಾಯಿ ಕೊಟ್ಟೆವು. ಒಬ್ಬಳು ಸಿನಿಮಾಕ್ಕೆಂದು ಇಟ್ಟಿದ್ದುದನ್ನು ಕೊಟ್ಟಳು. ಅಡಿಗೆಯ ಅಮ್ಮ ಸೆರಗಿನ ಗಂಟು ಬಿಚ್ಚಿದರು. ಹಣವೇನೋ ಕೂಡಿತು, ಅರ್ಜಿಗೆ ಅವಳ ರುಜು ಬೇಕಲ್ಲ! ಮಾರನೆಯ ದಿನ ಅಕ್ಕನೂ ನಾನೂ ಕುಣಿಗಲಿಗೆ ಹೋಗುವ ಬಸ್ಸು ಹತ್ತಿದೆವು. ಸುಮಾರು ಮೂವತ್ತೈದು ಕಿಲೋಮೀಟರು ಬಸ್ಸು, ಅನಂತರ ಹರದಾರಿ ನಡಿಗೆ. ಕುಣಿಗಲ್ಲಿನ ಆ ಪ್ರಸಿದ್ಧವಾದ ಕೆರೆಯ ಏರಿಯನ್ನು ನಾನು ಮೊದಲು ಕಂಡದ್ದು ಅಂದು. ಜನಪದ ಗೀತೆಯಲ್ಲಿ ಕೇಳಿದ್ದ ಅದರ ಸೌಂದರ್ಯವನ್ನು ನೋಡುವ ಮನಸ್ಸು ಮಾತ್ರ ನನಗಿರಲಿಲ್ಲ.

ಅಕ್ಕ ತಂದೆಯೊಡನೆ ವಾದಕ್ಕೆ ನಿಲ್ಲಲಿಲ್ಲ. ನೇರವಾಗಿ ಅಡಿಗೆಮನೆಗೆ ಹೋಗಿ ತಾಯಿಯ ಪಕ್ಕದಲ್ಲಿ ಕುಳಿತು ಅವರೆಕಾಯಿ ಬಿಡಿಸತೊಡಗಿದರು. "ಮದುವೆ ಬೇಡವೆಂದು ಹೇಳಲು ನಾವು ಬಂದಿಲ್ಲ ತಾಯಿ. ಮೂರು ವರ್ಷ ಉತ್ತು ಬಿತ್ತಿದ ಹೊಲ, ಕೊಯ್ಯದೆ ಬಿಡುವುದುಂಟೆ? ಪರೀಕ್ಷೆ ಬರೆಯಲಿ, ಮದುವೆಗೆ ನಿಲಯಕ್ಕೆ ನಿಲಯವೇ ಬರುತ್ತೇವೆ" ಎಂದರು. ಒಕ್ಕಲಿನ ಹೆಂಗಸಿಗೆ ಅರ್ಥವಾಗದ ಮಾತಲ್ಲ. ಸಂಜೆಯೊಳಗೆ ರುಜು ಬಿತ್ತು. ಗೆಳತಿ ಪರೀಕ್ಷೆ ಬರೆದಳು, ಮದುವೆಯೂ ಆದಳು. ಎಷ್ಟೋ ವರ್ಷಗಳ ಮೇಲೆ ಸಂಸಾರಕ್ಕೆ ಕಷ್ಟ ಬಂದಾಗ ಅವಳ ಕೈಹಿಡಿದದ್ದು ಆ ಪದವಿ. ಉಪಾಧ್ಯಾಯಿನಿಯಾಗಿ ದುಡಿದು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ, ಈಗ ನನ್ನಂತೆಯೇ ನಿವೃತ್ತಳಾಗಿದ್ದಾಳೆ.

'ಕೆರೆಗೆ ಹಾರ' ಎಂಬ ನಮ್ಮ ಕಥನಗೀತೆಯನ್ನು ತರಗತಿಯಲ್ಲಿ ಪಾಠ ಹೇಳುವಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತಿತ್ತು. ಬಲಿಯಾಗಲಿರುವ ಭಾಗೀರಥಿ ತವರಿಗೆ ಹೋಗಿ ಹೆತ್ತವರಿಗೆ ನಿಜ ಹೇಳುವುದಿಲ್ಲ, ಬೇರೇನೋ ನೆಪ ಹೇಳುತ್ತಾಳೆ. ನಿಜವನ್ನು ಹೇಳುವುದು ಗೆಳತಿಗೆ ಮಾತ್ರ. ಆದರೆ ಆ ಗೆಳತಿಯೂ ಇಟ್ಟಂತೆ ಇರಬೇಕೆಂದು ಸಮಾಧಾನ ಹೇಳಿ ಕಳುಹಿಸುತ್ತಾಳೆ. ಬಹಳ ದಿನ ನಾನು ಆ ಗೆಳತಿಯನ್ನು ಕಠಿಣಳೆಂದು ತಿಳಿದಿದ್ದೆ. ಈಗ ಹಾಗೆನಿಸುವುದಿಲ್ಲ. ಅವಳಾದರೂ ಏನು ಮಾಡಬಲ್ಲಳು? ಅವಳೂ ಒಂದು ಮನೆಯ ಸೊಸೆ, ಒಬ್ಬಂಟಿ. ಕರೆದರೆ ಬರುವ ಹತ್ತು ಜನ ಅಕ್ಕತಂಗಿಯರಿಲ್ಲ, ಕೂಡಿ ಮಾತಾಡಲು ಒಂದು ಮಹಡಿಯಿಲ್ಲ. ಸ್ನೇಹಕ್ಕೆ ನಿಜವನ್ನು ಕೇಳುವ ಕಿವಿ ಇರುತ್ತದೆ. ಅದಕ್ಕೆ ಕೈಗಳು ಬರಬೇಕಾದರೆ ಒಂದು ಸೂರು ಬೇಕಾಗುತ್ತದೆ. ನಿಲಯವೆಂಬುದು ಆ ಸೂರು.

ಇಷ್ಟನ್ನು ಹೇಳಿ ಮುಗಿಸಿದರೆ ಲೇಖನ ಸುಖವಾಗುತ್ತಿತ್ತು, ಆದರೆ ಪ್ರಾಮಾಣಿಕವಾಗುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ನಮ್ಮ ತರಗತಿಯಲ್ಲಿ ಇನ್ನೊಬ್ಬ ಹುಡುಗಿ ಇದ್ದಳು. ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಮಧ್ಯಾಹ್ನ ಒಂದು ಹೊಂಗೆಯ ಮರದ ಕೆಳಗೆ ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದಳು. ಒಮ್ಮೆ ಅವಳು ನಮ್ಮ ನಿಲಯಕ್ಕೆ ಅರ್ಜಿ ಹಿಡಿದು ಬಂದಳು. ಸ್ಥಳವಿಲ್ಲವೆಂಬ ಉತ್ತರ ದೊರೆಯಿತು. ಆ ದಿನ ನಮ್ಮ ಮಹಡಿಯ ಕೋಣೆಯಲ್ಲಿ ಮೂರು ಮಂಚಗಳು ಖಾಲಿಯಿದ್ದುವು. ಅವಳ ಜಾತಿ ಯಾವುದೆಂಬುದು ನಮಗೆ ಗೊತ್ತಿತ್ತು. ಮಂಚಗಳು ಖಾಲಿಯಿರುವುದೂ ಗೊತ್ತಿತ್ತು. ಒಬ್ಬ ಗೆಳತಿಯ ಪರೀಕ್ಷೆಗಾಗಿ ಕುಣಿಗಲ್ಲಿನವರೆಗೆ ಹೋದ ನಾವು, ಇವಳಿಗಾಗಿ ಹನ್ನೆರಡು ಮೆಟ್ಟಿಲಿಳಿದು ಹೋಗಿ ಕಚೇರಿಯಲ್ಲಿ ಒಂದು ಮಾತು ಕೇಳಲಿಲ್ಲ. ಮರುವರ್ಷ ಅವಳು ತರಗತಿಯಲ್ಲಿರಲಿಲ್ಲ. ಏಕೆಂದೂ ನಾವು ವಿಚಾರಿಸಲಿಲ್ಲ. ಅಮೆರಿಕದ ಸೋದರಿಯರ ಬಾಗಿಲಿನ ಕಥೆಯನ್ನು ಓದಿದಾಗ ನನಗೆ ಕಂಡದ್ದು ಆ ಮೂರು ಮಂಚಗಳು.

ನಿಲಯದ ಹೆಸರು ಹೇಳಿ ದೂರಬೇಕೆಂಬ ಇಚ್ಛೆ ನನಗಿಲ್ಲ. ದೋಷದಲ್ಲಿ ನನ್ನದೂ ಪಾಲಿದೆ. ನಮ್ಮ ನಾಡಿನ ವಿದ್ಯಾರ್ಥಿನಿಲಯಗಳ ಇತಿಹಾಸವೇ ಹಾಗಿದೆ. ಇಪ್ಪತ್ತನೆಯ ಶತಮಾನದ ಆದಿಯಿಂದ ಒಂದೊಂದು ಜನಾಂಗವೂ ತನ್ನ ಮಕ್ಕಳಿಗಾಗಿ ನಿಲಯ ಕಟ್ಟಿತು. ಅದರಿಂದ ಆದ ಉಪಕಾರ ಅಪಾರ. ಹಳ್ಳಿಯ ಅನೇಕ ಮನೆಗಳಿಗೆ ಮೊದಲ ಅಕ್ಷರ ಬಂದದ್ದು ಆ ಬಾಗಿಲುಗಳಿಂದ. ನಮ್ಮ ತುಮಕೂರಿನ ಸಿದ್ಧಗಂಗೆಯಂತೂ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿ ಬೇರೆಯದೇ ದಾರಿ ತೋರಿತು. ೨೦೧೯ರ ಜನವರಿ ೨೧ರಂದು ಶಿವಕುಮಾರ ಸ್ವಾಮಿಗಳು ಶಿವೈಕ್ಯರಾದಾಗ ಹರಿದುಬಂದ ಜನಸಾಗರದಲ್ಲಿ ಆ ಅನ್ನವನ್ನುಂಡವರು ಎಷ್ಟು ಮಂದಿಯೋ! ಆದರೆ ಅಲ್ಲಿಯೂ ನಿಲಯದಲ್ಲಿದ್ದು ಬೆಳೆದವರು ಬಹುಮಟ್ಟಿಗೆ ಗಂಡುಮಕ್ಕಳು. ಹುಡುಗರ ನಿಲಯಜೀವನ ನಮ್ಮ ಸಾಹಿತ್ಯದಲ್ಲಿಯೂ ಸ್ಥಾನ ಪಡೆದಿದೆ; ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಓದಿದವರು ಅಲ್ಲಿ ಬರುವ ಹಾಸ್ಟೆಲಿನ ದಿನಗಳನ್ನು ಮರೆಯಲಾರರು. ಹುಡುಗಿಯರ ನಿಲಯ ಅಂಥ ಲೇಖನಿಗಾಗಿ ಇನ್ನೂ ಕಾಯುತ್ತಿದೆ ಎನಿಸುತ್ತದೆ. ಅಲ್ಲಿಯ ನಗೆ, ಜಗಳ, ಪರೀಕ್ಷೆಯ ಹಿಂದಿನ ರಾತ್ರಿಯ ಚಹಾ, ಒಬ್ಬಳ ಸೀರೆಯನ್ನು ಏಳು ಮಂದಿ ಉಟ್ಟ ವಾರ್ಷಿಕೋತ್ಸವ, ಇವೆಲ್ಲ ಮದುವೆಯೊಂದಿಗೆ ಮುಗಿದುಹೋಗುವ ಸಂಗತಿಗಳೆಂದು ನಾವೇ ತಿಳಿದು ಬರೆಯದೆ ಬಿಟ್ಟೆವೋ ಏನೋ.

ಇನ್ನು ಬಸ್ಸಿನ ಪ್ರಶ್ನೆಗೆ ಬರುತ್ತೇನೆ. ರೈಲಿನಲ್ಲಿ ಬರುತ್ತಿದ್ದ ಆ ಹುಡುಗಿಗೆ ಅಂದು ಉಚಿತ ಬಸ್ಸಿದ್ದಿದ್ದರೆ ಒಂದು ಹೊರೆ ಇಳಿಯುತ್ತಿತ್ತೆಂಬುದು ನಿಜ. ಆದ್ದರಿಂದ ಬಸ್ಸು ನಿಲಯದ ಶತ್ರುವಲ್ಲ. ಆದರೆ ಬಸ್ಸು ಹುಡುಗಿಗೆ ಹಗಲನ್ನು ಕೊಡುತ್ತದೆ, ಸಂಜೆಯನ್ನು ಕೊಡುವುದಿಲ್ಲ. ಐದೂವರೆಗೆ ತುಮಕೂರಿನಲ್ಲಿ ಬಸ್ಸು ಹತ್ತಿ ಏಳಕ್ಕೆ ಊರು ಸೇರುವ ಹುಡುಗಿಯನ್ನು ಕಾದಿರುವುದು ಪುಸ್ತಕವಲ್ಲ. ತೊಳೆಯದ ಪಾತ್ರೆ, ಹಿಡಿಯಬೇಕಾದ ನೀರು, ಕರೆಯುವ ಎಮ್ಮೆ. ಅಣ್ಣತಮ್ಮಂದಿರೂ ಅದೇ ಬಸ್ಸಿನಲ್ಲಿ ಬಂದಿರಬಹುದು. ಅವರ ಸಂಜೆ ಅವರದು. ಓದು ಕೇವಲ ತರಗತಿಯಲ್ಲಿ ನಡೆಯುವುದಲ್ಲ. ಕೇಳಿದ್ದನ್ನು ಮಾತಾಡಿ ಜೀರ್ಣಿಸಿಕೊಳ್ಳುವ ಹೊತ್ತೊಂದು ಬೇಕು. ನಿಲಯ ಕೊಡುವುದು ಆ ಹೊತ್ತನ್ನು. ಒಬ್ಬ ಹುಡುಗಿಯ ಬಾಳಿನಲ್ಲಿ ಮಗಳೂ ಅಲ್ಲದೆ, ಹೆಂಡತಿಯೂ ಅಲ್ಲದೆ, ತಾನು ತಾನಾಗಿರುವ ಮೂರು ವರ್ಷಗಳ ಸಂಜೆಗಳು ಸಣ್ಣ ಆಸ್ತಿಯಲ್ಲ.

ಆದುದರಿಂದಲೇ ನಿಲಯದ ಬದಲು ಹಣ ಕೊಟ್ಟರೆ ಸಾಕೆಂಬ ವಾದವೂ ನನಗೆ ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ. ನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ ೧೫೦೦ ರೂಪಾಯಿಯಂತೆ ಹತ್ತು ತಿಂಗಳು ನೆರವು ನೀಡುವ ವಿದ್ಯಾಸಿರಿ ಎಂಬ ಯೋಜನೆ ೨೦೧೩-೧೪ರಲ್ಲಿ ಬಂದಿತು. ಒಳ್ಳೆಯದೇ. ಆದರೆ ಹುಡುಗನೊಬ್ಬ ಅಂಥ ಹಣದಿಂದ ಮೂವರೊಡನೆ ಕೂಡಿ ಕೋಣೆ ಹಿಡಿಯಬಲ್ಲ. ಹುಡುಗಿಗೆ ಕೋಣೆ ಕೊಡುವವರು ಯಾರು, ಕೊಟ್ಟರೂ ಮನೆಯವರು ಕಳುಹಿಸುವರೇ? ಅವಳ ಪಾಲಿಗೆ ಆ ಹಣವೂ ಮತ್ತೆ ಬಸ್ಸಿನ ದಾರಿಯನ್ನೇ ತೋರಿಸುತ್ತದೆ.

ನಿಲಯಗಳನ್ನು ಹೆಚ್ಚಿಸಿದರಷ್ಟೇ ಸಾಲದು, ಅವು ಬಂದೀಖಾನೆಗಳಾಗಬಾರದು. ಹುಡುಗರ ನಿಲಯದ ಬಾಗಿಲು ರಾತ್ರಿ ಹತ್ತಕ್ಕೂ ತೆರೆದಿರುವಾಗ ಹುಡುಗಿಯರದಕ್ಕೆ ಆರಕ್ಕೇ ಬೀಗ ಬೀಳುವುದನ್ನು ನಾವು ರಕ್ಷಣೆಯೆಂದು ಕರೆಯುತ್ತ ಬಂದಿದ್ದೇವೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೧೫ರ ನಿಯಮಾವಳಿ, ಹೆಣ್ಣುಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಅವರ ನಿಲಯಗಳಿಗೆ ತಾರತಮ್ಯದ ಕಟ್ಟಳೆ ಹೇರಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ದೆಹಲಿಯ ವಿದ್ಯಾರ್ಥಿನಿಯರು ಅದೇ ವರ್ಷ ಈ ಬೀಗಗಳ ವಿರುದ್ಧ ಚಳವಳಿ ಹೂಡಿದರು. ಗ್ರಂಥಾಲಯ ಎಂಟರವರೆಗೆ ತೆರೆದಿದ್ದು ನಿಲಯ ಆರಕ್ಕೆ ಮುಚ್ಚಿದರೆ, ಆ ಎರಡು ಗಂಟೆಯ ಪುಸ್ತಕಗಳು ಯಾರವು? ಹಾಗೆಂದು ಮಾತ್ರಕ್ಕೆ ತಂದೆತಾಯಿಗಳ ಭಯವನ್ನು ಹಾಸ್ಯಮಾಡಲಾರೆ. ದೀಪವಿಲ್ಲದ ಬೀದಿ, ಚುಡಾಯಿಸುವ ಮೂಲೆ ಇವೆಲ್ಲ ಇವೆ. ಆದರೆ ದೀಪ ಹಾಕಬೇಕಾದದ್ದು ಬೀದಿಗೆ. ಬೀಗ ಹಾಕಬೇಕಾದದ್ದು ಹುಡುಗಿಗಲ್ಲ.

ನನಗೆ ತೋಚುವ ಮೂರು ಮಾತುಗಳಿವೆ. ಮೊದಲನೆಯದು, ನಿಲಯದ ದಿನದ ಆಡಳಿತದಲ್ಲಿ ಹುಡುಗಿಯರಿಗೇ ಹೊಣೆ ಕೊಡಬೇಕು. ಅಡಿಗೆಯ ಲೆಕ್ಕ ಬರೆದವಳು ಮುಂದೆ ಪಂಚಾಯಿತಿಯ ಲೆಕ್ಕ ಕೇಳಲು ಅಂಜಲಾರಳು. ಎರಡನೆಯದು, ಯಾವ ನಿಲಯವೂ ಒಂದೇ ಜನಾಂಗದ ಮಕ್ಕಳಿಂದ ತುಂಬದಿರಲಿ. ಜಾತಿಯ ಹಣದಿಂದ ಕಟ್ಟಿದ ನಿಲಯಗಳು ತಮ್ಮ ಕೋಣೆಗಳಲ್ಲಿ ಕೆಲವನ್ನಾದರೂ ತಾವಾಗಿಯೇ ಇತರರಿಗೆ ತೆರೆಯಲಿ. ಮೂರನೆಯದು, ದಿನವೂ ಬಸ್ಸಿನಲ್ಲಿ ಬರುವ ಹುಡುಗಿಯರಿಗಾಗಿ ಪ್ರತಿ ಕಾಲೇಜೂ ಒಂದು ಕೋಣೆ ಇಡಲಿ. ನಾಲ್ಕು ಚಾಪೆ, ಕುಡಿಯುವ ನೀರು, ಶುಚಿಯಾದ ಶೌಚಗೃಹ, ಓದಲೊಂದು ಮೇಜು ಇದ್ದರೆ ಸಾಕು. ಗುಬ್ಬಿಯವಳೂ ಕುಣಿಗಲ್ಲಿನವಳೂ ಪಕ್ಕಪಕ್ಕದಲ್ಲಿ ಬುತ್ತಿ ಬಿಚ್ಚಿದರೆ ಹೊಂಗೆಯ ಮರದ ಕೆಳಗೆ ಯಾರೂ ಒಬ್ಬಳೇ ಕೂರಬೇಕಾಗುವುದಿಲ್ಲ.

ಅಂದು ತುಮಕೂರಿನಲ್ಲಿ ಬಸ್ಸು ನಿಂತಾಗ ಮತ್ತೊಂದು ಸಣ್ಣ ಸಂಗತಿ ನಡೆಯಿತು. ಇಳಿಯುವ ಗದ್ದಲದಲ್ಲಿ ಒಬ್ಬ ಚಿಕ್ಕ ಹುಡುಗಿ, ಈ ವರ್ಷವಷ್ಟೇ ಕಾಲೇಜಿಗೆ ಸೇರಿದವಳಿರಬೇಕು, ಬಾಗಿಲ ಬಳಿ ದಿಕ್ಕುಗಾಣದೆ ನಿಂತಿದ್ದಳು. ನನಗೆ ಸ್ಥಳ ಕೊಟ್ಟಿದ್ದ ಹುಡುಗಿ ಅವಳ ಚೀಲವನ್ನು ತನ್ನ ಹೆಗಲಿಗೇರಿಸಿ, "ಬಾ, ನಾನು ತೋರಿಸ್ತೀನಿ" ಎಂದಳು. "ಬಂದೆ ಅಕ್ಕಾ" ಎಂದು ಆ ಮಗು ಹಿಂದೆ ಓಡಿತು. ಬಸ್ಸಿನಲ್ಲಿಯೂ ಆ ಕರೆ ಹುಟ್ಟುತ್ತದೆಂಬುದು ಸಂತೋಷದ ವಿಷಯ. ಆದರೆ ಅವರಿಬ್ಬರೂ ಸಂಜೆ ಐದೂವರೆಗೆ ಮತ್ತೆ ಅದೇ ಬಸ್ಸಿಗಾಗಿ ನಿಲ್ದಾಣದಲ್ಲಿ ಕಾದು ನಿಂತಿರಬೇಕು.